ಇಲ್ಲದ ಕನ್ನಡಿ

“ಯಾವ ಕನ್ನಡಿ?” ಎಂದು ಕೇಳಿದರು ಇನ್ಸ್‌ಪೆಕ್ಟರ್ ದೊಡ್ಡಮ್ಮ.

ಸಬ್ ಇನ್ಸ್‌ಪೆಕ್ಟರ್ ಮೀಸೆಯ ಉತ್ಸಾಹ ಹೊಸ್ತಿಲಲ್ಲೇ ಮುಗ್ಗರಿಸಿತು. ಆಸ್ಪತ್ರೆಯಿಂದ ಜೀಪು ಓಡಿಸಿಕೊಂಡು ಬಂದು, ಠಾಣೆಯ ಮೆಟ್ಟಿಲು ಹಾರಿ, ಇನ್ಸ್‌ಪೆಕ್ಟರ ಕೋಣೆಯ ಬಾಗಿಲು ತಟ್ಟುವುದನ್ನೂ ಮರೆತು ಒಳಗೆ ನುಗ್ಗಿದ್ದ. ತಂದ ಸುದ್ದಿಯೂ ಅಂಥದ್ದೇ. ಕುತ್ತಿಗೆಗೆ ಇರಿತ ಬಿದ್ದು ಇಷ್ಟು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದ ಟೈಲರ್ ಮಾಸ್ಟರು ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟಿದ್ದರು. ಬಿಟ್ಟವರು ಡಾಕ್ಟರ ಎದುರಿನಲ್ಲೇ ಹೇಳಿದ್ದರು: “ನನ್ನ ಅಳಿಯ. ಹಿಂದಿನಿಂದ ಬಂದ. ಕನ್ನಡಿಯಲ್ಲಿ ನೋಡಿದೆ.” ಅಷ್ಟು ಹೇಳಿ ಮತ್ತೆ ಮಂಪರಿಗೆ ಜಾರಿದ್ದರು.

ಆ ಅಳಿಯ ಠಾಣೆಯ ಲಾಕಪ್ಪಿನಲ್ಲೇ ಇದ್ದ. ಇರಿತ ತಿಂದವರೇ ಬೆರಳು ತೋರಿಸಿದ ಮೇಲೆ ಇನ್ನು ಉಳಿದಿರುವುದೇನು? ಮೀಸೆ ದಾರಿಯುದ್ದಕ್ಕೂ ಹಾಗೆಯೇ ಅಂದುಕೊಂಡು ಬಂದಿದ್ದ.

“ಅಂಗಡಿ ಕನ್ನಡಿ ಮೇಡಂ,” ಎಂದ. “ಬಟ್ಟೆ ಹಾಕ್ಕೊಂಡು ನೋಡ್ಕೊಳ್ಳೋ ಆಳೆತ್ತರದ ಕನ್ನಡಿ. ಒಳಗೆ ಹೋದ ತಕ್ಷಣ ಎಡಗಡೆ ಗೋಡೇಲಿದೆಯಲ್ಲ, ಅದು.”

“ನೀವು ನೋಡಿದೀರಾ?”

“ನೋಡದೆ ಏನು? ಅವತ್ತು ನಮ್ಮೋರಲ್ಲಿ ಮೊದಲು ಅಲ್ಲಿಗೆ ಹೋದೋನೇ ನಾನು. ಮಾಸ್ಟರನ್ನ ಗಾಡಿಗೆ ಹಾಕಿ ಕಳಿಸಿದ ಮೇಲೆ ಆ ಕನ್ನಡೀಲೇ ಟೋಪಿ ಸರಿ ಮಾಡ್ಕೊಂಡೆ.”

ಮೀಸೆಯನ್ನೂ ಸರಿ ಮಾಡಿಕೊಂಡಿದ್ದು ನೆನಪಿತ್ತು. ಅದನ್ನು ಮಾತ್ರ ನುಂಗಿಕೊಂಡ. ಠಾಣೆಯಲ್ಲಿ ಅವನಿಗೆ ಆ ಅಡ್ಡಹೆಸರು ಬಂದದ್ದೇ ಅದರಿಂದ. ಸಬ್ ಇನ್ಸ್‌ಪೆಕ್ಟರನೆಂದು ಎದುರಿಗೆ ಸೆಲ್ಯೂಟು ಹೊಡೆಯುವವರು ಬೆನ್ನ ಹಿಂದೆ ‘ಮೀಸೆ ಬಂತು’ ಅನ್ನುತ್ತಿದ್ದರು. ಇನ್ಸ್‌ಪೆಕ್ಟರನ್ನೂ ಬಿಟ್ಟವರಲ್ಲ. ಎದುರಿಗೆ ಮೇಡಂ, ಮರೆಗೆ ದೊಡ್ಡಮ್ಮ. ಆದರೆ ಆ ಹೆಸರಿನಲ್ಲಿ ಗೇಲಿ ಇರಲಿಲ್ಲ. ತಪ್ಪು ಮಾಡಿದವನನ್ನೂ ಅವರು ಮೊದಲು ಕುರ್ಚಿ ತೋರಿಸಿ ಕೂರಿಸುತ್ತಿದ್ದರು.

ಈಗಲೂ ಹಾಗೇ ಮಾಡಿದರು. ಮೀಸೆ ಕೂತ. ದೊಡ್ಡಮ್ಮ ಮೇಜಿನ ಖಾನೆಯಿಂದ ಒಂದು ಫೋಟೋ ತೆಗೆದು ಅವನ ಮುಂದೆ ಸರಿಸಿದರು. ಘಟನೆ ನಡೆದ ಸಂಜೆಯೇ ಇಲಾಖೆಯ ಫೋಟೋಗ್ರಾಫರ್ ತೆಗೆದದ್ದು. ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ಹೊಲಿಗೆ ಯಂತ್ರಗಳು, ನೇತುಹಾಕಿದ ಅಳತೆ ಟೇಪು, ಮೇಜಿನ ಕಾಲಿಗೆ ಒರಗಿಸಿದ ಒಂದು ಸೈಕಲ್ ಚಕ್ರ. ಎಡಗಡೆಯ ಗೋಡೆಯ ಮೇಲೆ, ಮೊಳೆಗೆ ಸಿಕ್ಕಿಸಿದ ಅರ್ಧ ಹೊಲಿದ ಕೋಟು.

ಕನ್ನಡಿ ಇರಲಿಲ್ಲ.

ಮೀಸೆ ಫೋಟೋವನ್ನು ಹತ್ತಿರ ಹಿಡಿದ, ದೂರ ಹಿಡಿದ. ಬೆನ್ನಿನ ಕಡೆ ತಿರುಗಿಸಿಯೂ ನೋಡಿದ. ಅಲ್ಲಿ ಸಿಗುತ್ತದೆ ಅನ್ನುವ ಹಾಗೆ.

“ಕೋಟಿನ ಸುತ್ತ ಗೋಡೆ ಬೆಳ್ಳಗಿದೆ ನೋಡಿ,” ಎಂದರು ದೊಡ್ಡಮ್ಮ. “ಕನ್ನಡಿ ಇದ್ದ ಜಾಗ. ಮೂಲೆ ಬಿರುಕು ಬಿಟ್ಟಿತ್ತಂತೆ. ಗಾಜಿನಂಗಡಿಯವನು ಅವತ್ತು ಬೆಳಿಗ್ಗೇನೇ ಬಂದು ಬಿಚ್ಚಿಕೊಂಡು ಹೋಗಿದಾನೆ. ನಿನ್ನೆ ಅವನ ಅಂಗಡೀಲೇ ನೋಡಿ ಬಂದೆ. ಇನ್ನೂ ಅಲ್ಲೇ ಇದೆ.”

ಮೀಸೆಯ ಕಿವಿ ಬಿಸಿಯಾಯಿತು. ಟೋಪಿ ಸರಿ ಮಾಡಿಕೊಂಡದ್ದು ಅವನಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಗಾಜಿನಲ್ಲಿ ತನ್ನ ಮುಖ, ಹಿಂದೆ ಬಾಗಿಲ ಬೆಳಕು. ಎಲ್ಲವನ್ನೂ ಅವನ ತಲೆ ತಾನೇ ಹೊಲಿದು ಕೊಟ್ಟಿತ್ತೇ?

“ಹಾಗಾದ್ರೆ ಮಾಸ್ಟರು ಸುಳ್ಳು ಹೇಳಿದರಾ ಮೇಡಂ?”

“ನೀವು ಸುಳ್ಳು ಹೇಳಿದಿರಾ?”

ಮೀಸೆ ಇಲ್ಲವೆಂದು ತಲೆಯಾಡಿಸಿದ.

“ಅವರೂ ಹೇಳಿಲ್ಲ. ಹಿಂದೆ ಯಾರೋ ಬಂದದ್ದು ಗೊತ್ತಾಗಿದೆ. ಸ್ವಲ್ಪ ಹೊತ್ತಿನ ಮೊದಲು ಅಳಿಯ ಬಂದು ಕೂಗಾಡಿ ಹೋಗಿದ್ದ. ಇನ್ಯಾರು ಬರ್ತಾರೆ ಅಂತ ಮನಸ್ಸು ಅವನನ್ನೇ ನಿಲ್ಲಿಸಿತು. ಎಲ್ಲಿ ನಿಲ್ಲಿಸಬೇಕು? ವರ್ಷಗಟ್ಟಲೆ ಬೆನ್ನ ಹಿಂದಿನೋರನ್ನ ಎಲ್ಲಿ ನೋಡಿದ್ದರೋ ಅಲ್ಲಿ, ಆ ಕನ್ನಡೀಲಿ. ಮನಸ್ಸು ಒಳ್ಳೆ ಗೃಹಿಣಿ ಇದ್ದ ಹಾಗೆ ಕಣ್ರೀ. ಖಾಲಿ ಜಾಗ ಕಂಡರೆ ಸುಮ್ಮನಿರಲ್ಲ, ಇರಬೇಕಾದ್ದನ್ನ ತಂದು ಇಟ್ಟುಬಿಡುತ್ತೆ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಮೀಸೆ ಚಿಕ್ಕಂದಿನಿಂದ ಕೇಳಿದ್ದ. ಅದು ಬೇರೆಯವರಿಗೆ ಹೇಳಿದ್ದು ಅಂದುಕೊಂಡಿದ್ದ.

*

ಹೊರಗೆ, ಠಾಣೆಯ ಪಡಸಾಲೆಯ ಬೆಂಚಿನ ಮೇಲೆ, ಮಾಸ್ಟರ ಮಗಳು ಕೂತಿದ್ದಳು. ಆಸ್ಪತ್ರೆಯಲ್ಲಿ ಅಪ್ಪನ ಮಾತು ಅವಳ ಕಿವಿಗೂ ಬಿದ್ದಿತ್ತು. ಅಪ್ಪ ಹೇಳಿದ್ದು ನಿಜವಾದರೆ ಗಂಡ ಕೊಲೆಗಡುಕ, ಗಂಡ ಹೇಳಿದ್ದು ನಿಜವಾದರೆ ಅಪ್ಪ ಸುಳ್ಳುಗಾರ. ಒಂದೇ ಬಾಯಿಂದ ಯಾರ ಪರ ಮಾತಾಡುವುದೆಂದು ತಿಳಿಯದೆ ಅವಳು ಮಾತನ್ನೇ ಬಿಟ್ಟಿದ್ದಳು.

ಜಗಳ ನಡೆದದ್ದನ್ನು ಯಾರೂ ಅಲ್ಲಗಳೆದಿರಲಿಲ್ಲ. ಅಳಿಯ ವೆಲ್ಡಿಂಗ್ ಕೆಲಸದವನು. ದೂರದ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು, ಹೆಂಡತಿಯನ್ನು ಕರೆದುಕೊಂಡು ಹೋಗಬೇಕೆಂದಿದ್ದ. ಮಾವನಿಗೆ ಮಗಳನ್ನು ಕಳಿಸಲು ಮನಸ್ಸಿರಲಿಲ್ಲ. ಅವತ್ತು ಮಧ್ಯಾಹ್ನ ಅಂಗಡಿಗೆ ಹೋಗಿ ದನಿ ಏರಿಸಿದ್ದ, ಬೀದಿಯೇ ಕೇಳಿತ್ತು. ಅವನು ಹೊರಟುಹೋದ ಸ್ವಲ್ಪ ಹೊತ್ತಿಗೆ ಪಕ್ಕದ ಅಂಗಡಿಯವರು ಮಾಸ್ಟರನ್ನು ರಕ್ತದ ಮಡುವಿನಲ್ಲಿ ಕಂಡರು. ಮಾಸ್ಟರ ದೊಡ್ಡ ಕತ್ತರಿ ಮಾಯವಾಗಿತ್ತು.

ಅಳಿಯನನ್ನು ಸಿಕ್ಕಿಸಿದ್ದೇ ಆ ಕತ್ತರಿ. ಅವತ್ತು ಮಧ್ಯಾಹ್ನ ಅವನಿಗಿಂತ ಮೊದಲು ಅಂಗಡಿಗೆ ಬಂದು ಹೋದ ಮೂವರೂ ಕತ್ತರಿ ಮೇಜಿನ ಮೇಲಿತ್ತು ಅಂದಿದ್ದರು. ಮಗಳ ಫ್ರಾಕು ತರಲು ಹೋದ ಟೀಚರಮ್ಮ, ಪ್ಯಾಂಟು ಕೊಡಲು ಹೋದ ಬ್ಯಾಂಕಿನ ಗುಮಾಸ್ತರು, ಕೊನೆಗೆ ಬಟ್ಟೆ ಅಂಗಡಿಯ ಸಾಹುಕಾರರು. ಸಾಹುಕಾರರು ಹೊರಟಾಗ ಇದ್ದ ಕತ್ತರಿ, ಅಳಿಯ ಹೊರಟ ಮೇಲೆ ಇಲ್ಲ. ಕೋಪದ ಕೈಗೆ ಸಿಕ್ಕಿದ್ದು ಅದು, ಇರಿದು ಎಲ್ಲೋ ಎಸೆದಿದ್ದಾನೆ. ಮೀಸೆ ಎರಡು ಚರಂಡಿ ಬಗೆಸಿದ್ದ, ಒಂದು ಬಾವಿ ಖಾಲಿ ಮಾಡಿಸಿದ್ದ. ಕತ್ತರಿ ಸಿಕ್ಕಿರಲಿಲ್ಲ.

ದೊಡ್ಡಮ್ಮ ಇವತ್ತು ಬೆಳಿಗ್ಗೆ ಟೀಚರಮ್ಮನನ್ನೂ ಗುಮಾಸ್ತರನ್ನೂ ಬೇರೆ ಬೇರೆಯಾಗಿ ಕರೆಸಿದ್ದರು. ಕತ್ತರಿಯ ಮಾತನ್ನೇ ಎತ್ತಲಿಲ್ಲ. ಕಣ್ಣು ಮುಚ್ಚಿಕೊಳ್ಳಿ, ಮಾಸ್ಟರ ಅಂಗಡಿಯ ಒಳಗೆ ಇನ್ನೊಂದು ಸಲ ಹೋಗಿ ಬನ್ನಿ, ಏನೇನು ಕಾಣುತ್ತದೋ ಹೇಳುತ್ತಾ ಹೋಗಿ ಅಂದರಂತೆ. ಇಬ್ಬರೂ ಸೈಕಲ್ ಚಕ್ರ ಹೇಳಿದರು. ಟೈಲರ್ ಅಂಗಡಿಯಲ್ಲಿ ಸೈಕಲ್ ಚಕ್ರಕ್ಕೇನು ಕೆಲಸ ಅಂತ ಅವತ್ತೇ ಅನಿಸಿತ್ತು ಅಂದರು ಗುಮಾಸ್ತರು. ಇಬ್ಬರೂ ಕನ್ನಡಿಯನ್ನೂ ಹೇಳಿದರು. ಟೀಚರಮ್ಮ ಫ್ರಾಕನ್ನು ಕನ್ನಡಿಯ ಮುಂದೆ ಹಿಡಿದು ನೋಡಿದ್ದರಂತೆ. ಗುಮಾಸ್ತರು ಪ್ಯಾಂಟಿನ ಉದ್ದವನ್ನು ಅದರಲ್ಲೇ ನೋಡಿಕೊಂಡಿದ್ದರಂತೆ. ಪಾಪ, ಇಬ್ಬರೂ ಒಳ್ಳೆಯವರು, ಇಬ್ಬರೂ ಆಣೆ ಮಾಡಲು ತಯಾರಿದ್ದರು.

“ಇಲ್ಲದ ಕನ್ನಡೀನ ಕಂಡೋರು ಇಲ್ಲದ ಕತ್ತರೀನ ಕಾಣಲ್ವಾ?” ಎಂದರು ದೊಡ್ಡಮ್ಮ.

ಕತ್ತರಿಯೂ ಇರಲಿಲ್ಲವೆಂದು ಹೇಗೆ ಗೊತ್ತು ಅಂತ ಮೀಸೆ ಕೇಳಿದ. ದೊಡ್ಡಮ್ಮ ಬೀರುವಿನಿಂದ ಒಂದು ಬಟ್ಟೆ ತಂದು ಹರಡಿದರು. ಮಾಸ್ಟರು ಅವತ್ತು ಕತ್ತರಿಸುತ್ತಿದ್ದ ಕಂದು ಬಟ್ಟೆ. ನೀಲಿ ಸೀಮೆಸುಣ್ಣದ ಗೆರೆ ನೂಲು ಹಿಡಿದ ಹಾಗೆ ನೇರವಾಗಿತ್ತು. ಅಂಚು ಮಾತ್ರ ಇಲಿ ಕಡಿದ ಹಾಗೆ ಚೂರು ಚೂರಾಗಿತ್ತು. ದೊಡ್ಡ ಕತ್ತರಿ ಹಿಡಿದವರು ಉದ್ದಕ್ಕೆ ಒಂದೇ ಎಳೆತದಲ್ಲಿ ಹೋಗುತ್ತಾರೆ. ಇದು ದಾರ ತುಂಡರಿಸುವ ಪುಟ್ಟ ಕತ್ತರಿಯಲ್ಲಿ ಕಚ್ಚಿ ಕಚ್ಚಿ ಕತ್ತರಿಸಿದ್ದು. ಮಾಸ್ಟರ ಕೈಯಲ್ಲಿ ದೊಡ್ಡ ಕತ್ತರಿ ಇದ್ದಿದ್ದರೆ ಅವರು ಹೀಗೆ ಬಟ್ಟೆ ಕೊಲ್ಲುತ್ತಿದ್ದರೇ?

ಆ ಬಟ್ಟೆಯನ್ನು ಮೀಸೆಯೇ ಮಡಚಿ ಠಾಣೆಗೆ ತಂದಿದ್ದ. ಮಡಚುವಾಗ ಅಂಚು ಅವನ ಬೆರಳಿನ ಕೆಳಗೇ ಹಾದುಹೋಗಿತ್ತು. ಇಷ್ಟು ದಿನ ಈ ಹೆಂಗಸಿನ ಕೈಕೆಳಗೆ ಕೆಲಸ ಮಾಡಿಯೂ ಅವರು ಹೇಗೆ ನೋಡುತ್ತಾರೆಂಬುದನ್ನು ತಾನು ಕಲಿತಿಲ್ಲವಲ್ಲ ಅನಿಸಿತು. ಬೇಸರವಾಗಲಿಲ್ಲ. ಒಳ್ಳೆಯ ಹಾಡುಗಾರರ ಪಕ್ಕದಲ್ಲಿ ಕೂತವನಿಗೆ ಆಗುವಂಥ ಸುಖವಾಯಿತು.

“ಏಳಿ,” ಎಂದರು ದೊಡ್ಡಮ್ಮ. “ಸಾಹುಕಾರರ ಅಂಗಡಿಗೆ ಹೋಗೋಣ. ಅವರೊಬ್ಬರು ಉಳಿದಿದ್ದಾರೆ.”

*

ಸಾಹುಕಾರರ ಬಟ್ಟೆ ಅಂಗಡಿ ಪೇಟೆ ಬೀದಿಯ ತಿರುವಿನಲ್ಲಿತ್ತು. ನೆಲದಿಂದ ಸೂರಿನ ತನಕ ಥಾನುಗಳು. ಹೊಸ ಬಟ್ಟೆಯ ಗಂಜಿಯ ವಾಸನೆ. ಸಾಹುಕಾರರು ಗಿರಾಕಿಯೊಬ್ಬಳಿಗೆ ಲೈನಿಂಗ್ ಬಟ್ಟೆ ಅಳೆಯುತ್ತಿದ್ದರು. ಆಕೆ ತಂದ ತುಂಡನ್ನು ಒಂದು ಸಲ ನೋಡಿ, ಹಿಂದೆ ತಿರುಗಿ, ಒಂದೇ ಬಣ್ಣದಂತೆ ಕಾಣುವ ಥಾನುಗಳ ಸಾಲಿನಿಂದ ಒಂದನ್ನು ಎಳೆದರು. ತುಂಡನ್ನು ಅದರ ಮೇಲಿಟ್ಟರೆ ಎಲ್ಲಿಟ್ಟರೆಂದೇ ತಿಳಿಯಲಿಲ್ಲ.

ದೊಡ್ಡಮ್ಮ ಅದನ್ನು ನೋಡಿ ಮೆಚ್ಚಿ ತಲೆದೂಗಿದರು. ಗಿರಾಕಿ ಹೋಗುವ ತನಕ ಕಾದರು. ಆಮೇಲೆ ಟೀಚರಮ್ಮನಿಗೆ ಹೇಳಿದ್ದನ್ನೇ ಇವರಿಗೂ ಹೇಳಿದರು. ಕಣ್ಣು ಮುಚ್ಚಿಕೊಳ್ಳಿ ಅಂದಾಗ ಸಾಹುಕಾರರು ನಕ್ಕರು. ಮುಚ್ಚುವುದೇನೂ ಬೇಡ ಅಂದರು.

ಮೇಜಿನ ಕಾಲಿಗೆ ಒರಗಿಸಿದ ಸೈಕಲ್ ಚಕ್ರ, ಅದರ ಟೈರಿಗೆ ಅಂಟಿದ ಕೆಂಪು ಮಣ್ಣು. ಮೇಜಿನ ಮೇಲೆ ಕಂದು ಬಟ್ಟೆ, ಅದು ತಮ್ಮ ಅಂಗಡಿಯದೇ. ಅದರ ಮೇಲೆ ನೀಲಿ ಗೆರೆ. ಕಿಟಕಿ ಕಡೆ ಇಸ್ತ್ರಿ ಪೆಟ್ಟಿಗೆ, ಪಕ್ಕದಲ್ಲಿ ಕತ್ತರಿ. ಎಡಗಡೆ ಗೋಡೆಗೆ ಒಂದು ಕೋಟು, ತೋಳು ಇನ್ನೂ ಹಚ್ಚಿರಲಿಲ್ಲ.

“ಕೋಟು ಎಲ್ಲಿ ನೇತಾಡ್ತಿತ್ತು? ಕನ್ನಡಿ ಪಕ್ಕದಲ್ಲಾ?”

“ಕನ್ನಡಿ ಎಲ್ಲಿತ್ತು ಮೇಡಂ?” ಎಂದರು ಸಾಹುಕಾರರು. “ಅವತ್ತು ತೆಗೆದಿದ್ರಲ್ಲ. ಅದೇ ಮೊಳೆಗೇ ಕೋಟು ಹಾಕಿದ್ರು.”

ಊರಿನಲ್ಲಿ ಒಬ್ಬನಾದರೂ ಸರಿಯಾಗಿ ನೋಡಿದವನು ಸಿಕ್ಕ. ಇವರ ಮಾತನ್ನು ನಂಬಬಹುದು. ಇವರು ಕತ್ತರಿ ಇತ್ತು ಅಂದರೆ ಇದ್ದಿರಲೇಬೇಕು. ಅಂದರೆ ಅಳಿಯನ ಗತಿ ಮುಗಿಯಿತು. ಹೀಗೆಂದು ಮೀಸೆ ಲೆಕ್ಕ ಹಾಕಿ ದೊಡ್ಡಮ್ಮನ ಮುಖ ನೋಡಿದರೆ ಅವರು ಮುಗುಳ್ನಗುತ್ತಿದ್ದರು.

“ನಿಮ್ಮ ಕಣ್ಣಿಗೆ ಕೈ ಮುಗೀಬೇಕು ಸಾಹುಕಾರ್ರೇ,” ಎಂದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿ ಹೊಗಳಿದ್ದು. “ಆ ಅಂಗಡಿಗೆ ಹೋದ ಒಬ್ಬರಿಗೂ ಕನ್ನಡಿ ಇಲ್ಲ ಅನ್ನೋದು ಕಂಡಿಲ್ಲ. ಟೀಚರಮ್ಮನಿಗೆ ಕಂಡಿಲ್ಲ, ಬ್ಯಾಂಕಿನೋರಿಗೆ ಕಂಡಿಲ್ಲ. ನಮ್ಮ ಸಾಹೇಬ್ರು ಅದರಲ್ಲಿ ಮುಖಾನೇ ನೋಡ್ಕೊಂಡು ಬಂದಿದಾರೆ. ಇರಬೇಕಾದ್ದು ಇಲ್ಲದಿದ್ದರೆ ಅದನ್ನ ಕಾಣೋದು ಬಹಳ ಕಷ್ಟ. ನೀವೊಬ್ಬರು ಕಂಡಿದೀರಿ.”

ಸಾಹುಕಾರರು ಅಳತೆ ಕಡ್ಡಿಯನ್ನು ಎತ್ತಿಕೊಂಡು ಸುಮ್ಮನೆ ಒರೆಸತೊಡಗಿದರು.

“ಅಂಥ ಕಣ್ಣಿಗೆ,” ದೊಡ್ಡಮ್ಮ ಇನ್ನೂ ಮೆಲ್ಲಗೆ ಹೇಳಿದರು, “ಮೇಜಿನ ಮೇಲೆ ಕತ್ತರಿ ಇಲ್ಲ ಅನ್ನೋದು ಮಾತ್ರ ಹೇಗೆ ಕಾಣದೆ ಹೋಯ್ತು?”

ಕಡ್ಡಿ ನಿಂತಿತು.

“ಕತ್ತರಿ ಇತ್ತು.”

“ಬೇರೆಯವರು ಇತ್ತು ಅಂದ್ರೆ ನಾನು ನಂಬ್ತೀನಿ. ಅವರು ತಪ್ಪು ತಿಳ್ಕೊಂಡಿದಾರೆ ಅಂತ ನಂಬ್ತೀನಿ. ಅವರು ಕನ್ನಡೀಲೂ ತಪ್ಪಿದಾರೆ, ಕತ್ತರೀಲೂ ತಪ್ಪಿದಾರೆ, ಎರಡೂ ಕಡೆ ಒಂದೇ ಥರ. ನೀವು ಒಂದು ಕಡೇನೂ ತಪ್ಪಿಲ್ಲ. ಚಕ್ರದ ಮಣ್ಣಿನ ಬಣ್ಣದ ತನಕ ಸರಿ ಹೇಳಿದೀರಿ. ಹಾಗಿದ್ಮೇಲೆ ಕತ್ತರಿ ವಿಷಯದಲ್ಲಿ ನೀವು ತಪ್ಪಿರೋದಕ್ಕೆ ಸಾಧ್ಯ ಇಲ್ಲ. ಬೇಕು ಅಂತಾನೇ ಹೇಳಿದೀರಿ.”

ಮೀಸೆ ಇಷ್ಟು ವರ್ಷದ ನೌಕರಿಯಲ್ಲಿ ಕಲಿತಿದ್ದು ಒಂದೇ, ಸುಳ್ಳು ಹೇಳುವವನು ತಡವರಿಸುತ್ತಾನೆ, ತಪ್ಪು ಹೇಳುತ್ತಾನೆ. ಇಲ್ಲಿ ತಪ್ಪು ಹೇಳಿದವರೆಲ್ಲ ಪ್ರಾಮಾಣಿಕರು, ಎಲ್ಲವನ್ನೂ ಸರಿಯಾಗಿ ಹೇಳಿದವನೇ ಸಿಕ್ಕಿಬಿದ್ದ. ಅವನ ಕೈ ತಾನಾಗಿಯೇ ಸೊಂಟದ ಪಟ್ಟಿಗೆ ಹೋಯಿತು. ಸಾಹುಕಾರರು ಓಡಿದರೆ ಹಿಡಿಯಲು ಬಾಗಿಲ ಕಡೆ ಸರಿದ.

ಸಾಹುಕಾರರು ಓಡಲಿಲ್ಲ. ಥಾನುಗಳ ಗದ್ದುಗೆಯ ಮೇಲೆ ಕುಸಿದು ಕೂತರು. ಸೊಂಟದಿಂದ ಬೀಗದ ಕೈ ತೆಗೆದು ದೊಡ್ಡಮ್ಮನ ಮುಂದೆ ಇಟ್ಟರು. ಹಿಂದಿನ ಗೋಡೆಯ ಕಬ್ಬಿಣದ ಬೀರು ತೋರಿಸಿದರು.

ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಬಟ್ಟೆಯ ಗಂಟು. ಮೀಸೆ ಬಿಚ್ಚಿದ. ಕಪ್ಪು ಹಿಡಿಯ, ಮೊಳಕೈಯುದ್ದದ ದರ್ಜಿ ಕತ್ತರಿ. ಅಲಗಿನ ಮೇಲೆ ತೆಳ್ಳಗೆ ಎಣ್ಣೆ. ಹೊಸದಾಗಿ ಸಾಣೆ ಹಿಡಿದ ಅಂಚು ಬೆಳಕಿಗೆ ಮಿಂಚಿತು. ರಕ್ತದ ಕಲೆ ಹೋಗಲಿ, ಒಂದು ನೂಲೂ ಅಂಟಿರಲಿಲ್ಲ.

ಸಾಹುಕಾರರು ನಡೆದದ್ದನ್ನು ತಡೆತಡೆದು ಹೇಳಿದರು. ಸಾಣೆಯವನು ಆಗಾಗ ಅವರ ಅಂಗಡಿಗೆ ಬರುವುದುಂಟು. ಮಾಸ್ಟರು ಹಿಂದಿನ ದಿನವೇ ಕತ್ತರಿಯನ್ನು ತಂದು ಕೊಟ್ಟಿದ್ದರು. ಅವತ್ತು ಮಧ್ಯಾಹ್ನ ಸಾಹುಕಾರರು ಹೋಗಿದ್ದು, ಸಾಣೆಯವನು ತಡ ಮಾಡಿದ್ದಾನೆ, ಸಂಜೆ ಕಳಿಸುತ್ತೇನೆ ಎಂದು ಹೇಳಿ ಬರಲಿಕ್ಕೆ. ಸಂಜೆ ಕತ್ತರಿ ಬಂತು. ಅದರ ಬೆನ್ನಿಗೇ ಮಾಸ್ಟರಿಗೆ ಯಾರೋ ಕತ್ತರಿಯಲ್ಲಿ ಇರಿದರಂತೆ ಎಂಬ ಸುದ್ದಿಯೂ ಬಂತು. ಊರೆಲ್ಲ ಹುಡುಕುತ್ತಿರುವ ಕತ್ತರಿ ತನ್ನ ಬೀರುವಿನಲ್ಲಿ. ಯಾರು ನಂಬುತ್ತಾರೆ? ಅಲ್ಲೇ ಮೇಜಿನ ಮೇಲಿತ್ತು ಅಂದುಬಿಟ್ಟರು. ಆ ಒಂದು ಮಾತಿಗೆ ಇನ್ನೊಬ್ಬನ ಕುತ್ತಿಗೆಗೆ ಹಗ್ಗ ಬಿದ್ದದ್ದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಬಾಯಿ ಕಟ್ಟಿಹೋಗಿತ್ತು.

ಸಾಣೆಯವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಅದೇ ಬೀದಿಯ ಕೊನೆಯಲ್ಲಿ ಸಾಣೆಯ ಚಕ್ರ ತುಳಿಯುತ್ತಿದ್ದ. ಸಂಜೆ ತಾನೇ ಕತ್ತರಿ ಕೊಟ್ಟದ್ದು, ಆಗ ಬೀದಿಯಲ್ಲಿ ಮಾಸ್ಟರ ಸುದ್ದಿಯ ಗಲಾಟೆ ಶುರುವಾಗಿತ್ತು ಎಂದ.

ಮೀಸೆ ಹಿಂದಿರುಗಿ ಬಂದು ಹೇಳಿದಾಗ ದೊಡ್ಡಮ್ಮ ಕತ್ತರಿಯನ್ನು ಕೈಯಲ್ಲಿ ಹಿಡಿದು ಕೂತಿದ್ದರು. ಆಮೇಲೆ ನಕ್ಕರು. ತಮ್ಮನ್ನು ನೋಡಿಕೊಂಡೇ ನಕ್ಕ ನಗು.

“ಊರಿನೋರಿಗೆ ಬುದ್ಧಿ ಹೇಳೋಕೆ ಹೊರಟೆ ನೋಡಿ ನಾನು. ಟೈಲರಂಗಡೀಲಿ ಇರಿತ ಅಂದ ಕೂಡಲೇ ಕತ್ತರಿ ಅಂದ್ಕೊಂಡೋರು ಯಾರು? ನಾವೇ. ಡಾಕ್ಟರಿಗೆ ಕತ್ತರಿ ಅಂತ ಹೇಳಿದೋರೂ ನಾವೇ, ಅವರು ಹೌದು ಅಂದಾಗ ಒಪ್ಪಿಕೊಂಡೋರೂ ನಾವೇ. ಕತ್ತರಿ ಮೇಜಿನ ಮೇಲೆ ಇರಲಿಲ್ಲ ಅಂತ ಕಂಡುಹಿಡಿದೆ. ಗಾಯದಲ್ಲೂ ಇರಲಿಲ್ಲ ಅನ್ನೋದು ಹೊಳೀಲೇ ಇಲ್ಲ.”

ಮೇಲಧಿಕಾರಿಯೊಬ್ಬರು ತಮ್ಮ ತಪ್ಪನ್ನು ಇಷ್ಟು ಹಗುರವಾಗಿ, ಒಂದು ನೂಲೂ ಮುಚ್ಚಿಡದೆ ಹೇಳಿಕೊಂಡದ್ದನ್ನು ಮೀಸೆ ಕಂಡಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ಡಾಕ್ಟರ ತಲೆಗೆ ಕಟ್ಟುತ್ತಿದ್ದರು. ಇಲ್ಲವೇ ತನ್ನ ತಲೆಗೆ.

ದೊಡ್ಡಮ್ಮ ಕುರ್ಚಿಯನ್ನು ಸಾಹುಕಾರರ ಹತ್ತಿರಕ್ಕೆ ಎಳೆದುಕೊಂಡರು. ಸುಳ್ಳು ಹೇಳಿದ್ದಕ್ಕೆ ಕಾನೂನು ಏನು ಮಾಡುತ್ತದೋ ಅದು ಆಮೇಲೆ ಅಂದರು. ಈಗ ಅವರ ಕಣ್ಣು ಬೇಕಾಗಿತ್ತು.

“ಆ ಅಂಗಡೀಲಿ ನೀವು ಕಂಡು, ನಾವು ಯಾರೂ ಕೇಳದೆ ಬಿಟ್ಟಿದ್ದು ಏನಾದ್ರೂ ಇದೆಯಾ?”

ಸಾಹುಕಾರರು ಹಣೆಯ ಬೆವರು ಒರೆಸಿಕೊಂಡರು.

“ದೊಡ್ಡ ವಿಷಯ ಏನಲ್ಲ. ಎರಡನೇ ಮಿಷನ್ನಲ್ಲಿ ಕೂತು ಹೊಲೀತಿದ್ದೋನು ಇದ್ದನಲ್ಲ, ಅವನ ಸೂಜೀಲಿ ದಾರ ಇರಲಿಲ್ಲ.”

ದೊಡ್ಡಮ್ಮ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು.

“ಯಾರು?” ಎಂದರು ದೊಡ್ಡಮ್ಮ.

“ಕೆಲಸದೋನು. ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಕಾಲು ತುಳೀತಿದ್ದ, ಬಟ್ಟೆ ಮುಂದಕ್ಕೆ ಹೋಗ್ತಿತ್ತು. ಆದ್ರೆ ದಾರ ಇಲ್ಲ. ಹೊಸಬ, ಮಿಷನ್ ತುಳಿಯೋದು ಕಲೀತಿದಾನೆ ಅಂದ್ಕೊಂಡೆ. ಹೊಸಬರನ್ನ ಮೊದಲು ಹಾಗೇ ದಾರ ಇಲ್ಲದೆ ಕೂರಿಸ್ತಾರೆ. ಮುಖ ನೋಡ್ಲಿಲ್ಲ. ಬೂದು ಅಂಗಿ, ನಮ್ಮ ಅಂಗಡಿ ಬಟ್ಟೆ ಅಲ್ಲ.”

ಅಂಗಡಿಯಲ್ಲಿ ಆಗ ಯಾರ್ಯಾರಿದ್ದರು ಎಂದು ಸಾಹುಕಾರರನ್ನು ಮೀಸೆಯೇ ಕೇಳಿದ್ದ, ಮೊದಲ ದಿನವೇ. ಮಾಸ್ಟರೊಬ್ಬರೇ ಅಂದಿದ್ದರು. ಟೀಚರಮ್ಮನೂ ಅದನ್ನೇ ಅಂದಿದ್ದರು, ಗುಮಾಸ್ತರೂ ಅದನ್ನೇ.

*

ಜೀಪು ಠಾಣೆಯ ಮುಂದೆ ನಿಲ್ಲುವ ಮೊದಲೇ ಮೀಸೆ ಕೆಳಗೆ ಹಾರಿದ್ದ. ಬೆಂಚಿನ ಮೇಲಿದ್ದ ಮಾಸ್ಟರ ಮಗಳು ಎದ್ದು ನಿಂತಳು. ಅಪ್ಪ ಅಂಗಡಿಗೆ ಹೊಸ ಕೆಲಸದವನನ್ನು ಇಟ್ಟುಕೊಂಡಿದ್ದರಾ ಎಂದು ದೊಡ್ಡಮ್ಮ ಕೇಳಿದರು.

“ಇಲ್ಲಮ್ಮ,” ಎಂದಳು ಅವಳು. “ಅಮ್ಮ ಹೋದ ಮೇಲೆ ಅಪ್ಪ ಯಾರನ್ನೂ ಇಟ್ಟುಕೊಂಡಿಲ್ಲ. ಆ ಎರಡನೇ ಮಿಷನ್ ಅಮ್ಮಂದು. ಅದರ ಮೇಲೆ ಯಾರನ್ನೂ ಕೂರಿಸ್ತಿರಲಿಲ್ಲ.”

ದೊಡ್ಡಮ್ಮ ಅವಳ ಭುಜದ ಮೇಲೆ ಕೈಯಿಟ್ಟರು. ನಿಮ್ಮಪ್ಪ ಸುಳ್ಳು ಹೇಳಿಲ್ಲ ಮಗಳೇ, ನಿನ್ನ ಗಂಡನೂ ಹೇಳಿಲ್ಲ ಅಂದರು. ಎರಡೂ ಹೇಗೆ ನಿಜವಾಗುತ್ತದೆಂದು ಅವಳಿಗೆ ತಿಳಿಯಲಿಲ್ಲ. ಆದರೆ ಅವತ್ತು ಮೊದಲ ಸಲ ಅವಳ ಕಣ್ಣಲ್ಲಿ ನೀರು ಬಂತು.

ಲಾಕಪ್ಪಿನ ಮೂಲೆಯಲ್ಲಿ ಅಳಿಯ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ. ಮೀಸೆ ಸರಳುಗಳ ಈಚೆ ಕುಕ್ಕರುಗಾಲಲ್ಲಿ ಕೂತ. ಅವನನ್ನು ಇಷ್ಟು ದಿನ ನಿಂತೇ ವಿಚಾರಿಸಿದ್ದ.

“ನೀನು ಮಾವನ ಹತ್ತಿರ ಜಗಳ ಆಡಿದಾಗ ಅಂಗಡೀಲಿ ಇನ್ಯಾರಿದ್ರು?”

“ಎಷ್ಟು ಸಲ ಹೇಳ್ಲಿ ಸಾರ್. ನಾನು, ಮಾವ. ಇನ್ಯಾರೂ ಇರಲಿಲ್ಲ.”

“ಎರಡನೇ ಮಿಷನ್ನಲ್ಲಿ?”

“ಓ, ಅವನಾ?” ಅಳಿಯ ತಲೆ ಎತ್ತಿದ. “ಅವನಿದ್ದ. ಅವನ ಪಾಡಿಗೆ ಅವನು ಹೊಲೀತಿದ್ದ.”

ಮೀಸೆ ಸರಳನ್ನು ಬಿಗಿಯಾಗಿ ಹಿಡಿದುಕೊಂಡ.

“ಹೇಗಿದ್ದ ನೋಡೋಕೆ?”

ಅಳಿಯ ನೆನಪು ಮಾಡಿಕೊಳ್ಳಲು ನಿಜವಾಗಿಯೂ ಕಷ್ಟಪಟ್ಟ. ಹಣೆ ಗಂಟಿಕ್ಕಿತು. ತನ್ನ ಕುತ್ತಿಗೆಯ ಹಗ್ಗ ಆ ಉತ್ತರದಲ್ಲಿದೆಯೆಂದು ಅವನಿಗೂ ತಿಳಿದ ಹಾಗಿತ್ತು. ಆದರೂ ಸಿಕ್ಕಿದ್ದು ಅಷ್ಟೇ.

“ಹೇಗಿರ್ತಾನೆ ಸಾರ್? ಟೈಲರ್ ಥರ ಇದ್ದ.”

ಮೀಸೆ ತಿರುಗಿ ನೋಡಿದ. ದೊಡ್ಡಮ್ಮ ಆಗಲೇ ತಮ್ಮ ಕೋಣೆ ಸೇರಿ ಫೋನ್ ಹಚ್ಚಿದ್ದರು. ಮಾಸ್ಟರು ಕಣ್ಣು ಬಿಟ್ಟ ಸುದ್ದಿ ಬೆಳಿಗ್ಗೆಯಿಂದ ಊರಿಡೀ ಹರಡಿತ್ತು. ಬದುಕಿದರೆ ಅವರು ಇನ್ನೊಂದು ಸಲ ಬಾಯಿ ಬಿಡುತ್ತಾರೆ, ತಮ್ಮ ಹೆಂಡತಿಯ ಯಂತ್ರದ ಮೇಲೆ ಅವತ್ತು ಮಾತ್ರ ಯಾರನ್ನು ಕೂರಿಸಿದ್ದರೆಂದು ಹೇಳುತ್ತಾರೆ. ಅದು ಬೇಡವಾದವನು ಈ ಊರಿನಲ್ಲೇ ಇದ್ದಾನೆ.

ಆಸ್ಪತ್ರೆಯಲ್ಲಿ ಕಾವಲಿನ ಪೇದೆ ಫೋನ್ ಎತ್ತಿದ. ಮೀಸೆ ಬಾಗಿಲಲ್ಲಿ ನಿಂತಿದ್ದವನಿಗೂ ಅವನ ದನಿ ಕೇಳುತ್ತಿತ್ತು. ಮಾಸ್ಟರು ಮಲಗಿದ್ದಾರೆ, ಡಾಕ್ಟರು ಊಟಕ್ಕೆ ಹೋಗಿದ್ದಾರೆ ಎಂದ.

“ಅವರ ರೂಮಲ್ಲಿ ಈಗ ಯಾರಿದಾರೆ?”

“ಯಾರೂ ಇಲ್ಲ ಮೇಡಂ.”

ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. ಫೋನ್ ಇಡಲು ಹೋದರು. ಇಡಲಿಲ್ಲ.

“ಯಾರೂ ಅಂದ್ರೆ ಯಾರೂ ಇಲ್ವೇನ್ರೀ? ಬಾಗಿಲು ತೆಗೆದು ನೋಡಿ ಹೇಳಿ.”

ಆ ಕಡೆ ಬಾಗಿಲು ಕಿರ್ರೆಂದ ಸದ್ದು ಕೇಳಿತು.

“ಇಲ್ಲ ಮೇಡಂ, ನೋಡಿದೆ. ನೆಲ ಒರೆಸೋನು ಒಬ್ಬ ಇದಾನೆ, ಅಷ್ಟೇ.”